ಅಕ್ಷರ ಕಲಿಸಿದ ಅಮ್ಮನ ಹೆಬ್ಬೆಟ್ಟು: ಕಾಸರಗೋಡು ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ, ನಮಸ್ಕಾರ.

ಈ ಪತ್ರ ಬರೆಯಬೇಕೋ ಬೇಡವೋ ಎಂದು ಎರಡು ತಿಂಗಳು ಯೋಚಿಸಿದೆ. ಇನ್ನು ಸುಮ್ನೆ ಕೂರಲು ಆಗುವುದಿಲ್ಲ.

ನನ್ನ ಅಮ್ಮನಿಗೆ 74 ವರ್ಷ. ಮಂಜೇಶ್ವರ ತಾಲೂಕಿನ ಕನ್ನಡ ಶಾಲೆಯಲ್ಲಿ 29 ವರ್ಷ ಟೀಚರ್ ಆಗಿದ್ದವರು. ಜಾಸ್ತಿ ವರ್ಷ ಒಂದನೇ ಕ್ಲಾಸು. ಊರಿನ ಅರ್ಧ ಮಕ್ಕಳ ಕೈ ಹಿಡಿದು ಅ ಆ ತಿದ್ದಿಸಿದ್ದಾರೆ.

ಜಾಗದ ಒಂದು ಕೆಲಸಕ್ಕೆ ಅವರನ್ನು ಸರಕಾರಿ ಕಚೇರಿಗೆ ಕರೆದುಕೊಂಡು ಹೋಗಿದ್ದೆ. ಕೊಟ್ಟ ಫಾರಂ ಇಡೀ ಮಲಯಾಳದಲ್ಲಿತ್ತು. ಅಮ್ಮ ಮಲಯಾಳ ಮಾತಾಡುತ್ತಾರೆ, ಓದಲು ಬರುವುದಿಲ್ಲ. "ಕನ್ನಡದ್ದು ಉಂಟಾ ಮಗಾ?" ಎಂದು ಕೇಳಿದರು. ಕಿಟಕಿಯ ಆಚೆ ಕೂತವರು ಒಂದೊಂದೇ ಶಬ್ದ ಬಿಡಿಸಿ, ಕಿವಿ ಕೇಳದವರಿಗೆ ಹೇಳುವ ಹಾಗೆ ಜೋರಾಗಿ ಮಲಯಾಳದಲ್ಲಿ ಹೇಳಿದರು: "ಅಮ್ಮಚ್ಚೀ, ಓದಲು ಗೊತ್ತಿಲ್ಲದಿದ್ದರೆ ಬೇಡ ಬಿಡಿ. ಹೆಬ್ಬೆಟ್ಟು ಒತ್ತಿ, ಸಾಕು." ನಗುತ್ತಾ ಇಂಕ್ ಪ್ಯಾಡನ್ನು ಮುಂದೆ ತಳ್ಳಿದರು. ಹಿಂದೆ ನಿಂತವರಲ್ಲಿ ಇಬ್ಬರು ನಕ್ಕರು.

ಅಮ್ಮನ ಕೈಯಲ್ಲಿ ಆಗ ಪೆನ್ನಿತ್ತು. ಅದರ ಮುಚ್ಚಳ ಹಾಕಿ ಚೀಲದೊಳಗಿಟ್ಟರು. ಹೆಬ್ಬೆಟ್ಟು ಒತ್ತಿದರು. ಬೇಡ ಅಮ್ಮಾ ಎಂದು ನಾನು ಹೇಳುವಷ್ಟರಲ್ಲಿ ಆಗಿಹೋಗಿತ್ತು. ಮನೆಗೆ ಬಂದು ಬಾವಿಕಟ್ಟೆಯ ಹತ್ತಿರ ಕೂತು ಮೂರು ಸಲ ಸಾಬೂನು ಹಾಕಿ ಬೆರಳು ತೊಳೆದರು. ಆ ದಿನದ ಮಾತು ಇವತ್ತಿನವರೆಗೂ ಎತ್ತಿಲ್ಲ.

ನಾನು ಜಗಳ ಮಾಡಬೇಕಿತ್ತು. ಮಾಡಲಿಲ್ಲ. ಜೋರು ಮಾತಾಡಿದರೆ ಫೈಲು ಅಡಿಗೆ ಹೋಗುತ್ತದೆ ಎಂಬ ಹೆದರಿಕೆ ನಮಗೆಲ್ಲ ಉಂಟು. ನಮ್ಮ ಪಕ್ಕದ ಮನೆಯವರು ಕಚೇರಿಗೆ ಹೋಗುವುದನ್ನೇ ಬಿಟ್ಟಿದ್ದಾರೆ. ಬೇರೆಯವರಿಗೆ ದುಡ್ಡು ಕೊಟ್ಟು ಕೆಲಸ ಮಾಡಿಸುತ್ತಾರೆ. ದಡ್ಡರ ಹಾಗೆ ಮಾತಾಡಿಸಿಕೊಳ್ಳುವುದಕ್ಕಿಂತ ದುಡ್ಡು ಹೋದರೂ ಪರವಾಗಿಲ್ಲ ಅನ್ನುತ್ತಾರೆ.

ಮಲಯಾಳದ ಮೇಲೆ ನಮಗೆ ಹಗೆ ಇಲ್ಲ. ಮೀನು ಕೊಳ್ಳುವಾಗ, ಬಸ್ಸಿನಲ್ಲಿ, ಮದುವೆಮನೆಯಲ್ಲಿ ಅದೇ ಮಾತು, ತುಳುವೂ ಅದರ ಜೊತೆ. ಅಮ್ಮ ಹುಟ್ಟುವಾಗ ಈ ಊರು ಮದ್ರಾಸಿನ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. 1956ರ ನವೆಂಬರ್ 1ಕ್ಕೆ ಕೇರಳಕ್ಕೆ ಸೇರಿತು. ಅಮ್ಮ ಎಲ್ಲಿಂದಲೋ ಬಂದವರಲ್ಲ.

ಕಾನೂನು ನಿಮಗೆ ಗೊತ್ತು. ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕಚೇರಿಗಳಿಗೆ ಕನ್ನಡದಲ್ಲಿ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು ಎಂದು ಕೇರಳದ 1969ರ ಅಧಿಕೃತ ಭಾಷಾ ಕಾನೂನಿನಲ್ಲೇ ಇದೆ. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಸರಕಾರಕ್ಕೆ ಅಹವಾಲು ಕೊಡಬಹುದು ಎನ್ನುವ ಸಂವಿಧಾನದ 350ನೇ ವಿಧಿಯೂ ಇದೆ. ಅದನ್ನು ನಾನು ನಿಮಗೆ ಹೇಳಿಕೊಡಬೇಕಾಗಿಲ್ಲ, ಅಲ್ವಾ?

ನಾನು ಕೇಳುವುದು ಇಷ್ಟೇ. ಕನ್ನಡದ ಫಾರಂ ಕೊಡಿ. ಕನ್ನಡ ಓದಲು ಬರುವ ಒಬ್ಬರನ್ನಾದರೂ ಆ ಕಿಟಕಿಯಲ್ಲಿ ಕೂರಿಸಿ. ಅವರಿಗೆ ರಜೆ ಇದ್ದರೆ ಇನ್ನೊಬ್ಬರನ್ನು ಕೂರಿಸಿ. ನಾವು ಉಪಕಾರ ಕೇಳುತ್ತಿಲ್ಲ. ಫಾರಂ ಕೊಡಿ ಸ್ವಾಮಿ, ಕನ್ನಡದ ಒಂದು ಫಾರಂ!

ಆ ಅರ್ಜಿಯಲ್ಲಿ ಏನೋ ತಪ್ಪಿದೆಯಂತೆ, ಅಮ್ಮ ಸೋಮವಾರ ಮತ್ತೆ ಹೋಗಬೇಕು. ನಾನು ಬರುವುದಿಲ್ಲ, ನೀನೇ ಹೋಗು ಎನ್ನುತ್ತಿದ್ದಾರೆ. ಈ ಸಲ ಅಮ್ಮ ಅಲ್ಲಿ ಸಹಿ ಹಾಕಬೇಕು. ಸೋಮವಾರದೊಳಗೆ ಫಾರಂ ಇರಲಿ.

ಇತಿ,
ಮಂಜೇಶ್ವರ ತಾಲೂಕಿನ ಒಬ್ಬ ಟೀಚರ್‌ನ ಮಗಳು