ಕೊನೆಗಾರನ ಕಾಲಿಗೆ ಶೇ 10: ಅಪಘಾತ ಪರಿಹಾರದ ಲೆಕ್ಕದ ಬಗ್ಗೆ ದೂರು

ಮಂಡಗದ್ದೆ ಹೋಬಳಿ, ತೀರ್ಥಹಳ್ಳಿ ತಾಲ್ಲೂಕು
ದಿನಾಂಕ: 18-08-2025

ಗೆ,
ಶಾಖಾ ವ್ಯವಸ್ಥಾಪಕರು,
ಮೋಟಾರು ವಿಮೆ ಕ್ಲೇಮು ವಿಭಾಗ, ಶಿವಮೊಗ್ಗ.

ವಿಷಯ: ತಾವು ಕಳುಹಿಸಿದ 2,50,000 ರೂಪಾಯಿಗಳ ಚುಕ್ತಾ ರಸೀದಿಯನ್ನು ಸಹಿ ಮಾಡದೆ ಹಿಂದಿರುಗಿಸುತ್ತಿರುವ ಬಗ್ಗೆ.

ಮಾನ್ಯರೇ,

ಕಳೆದ ನವೆಂಬರ್ 11ರ ಸಂಜೆ ಅಡಿಕೆ ಕೊನೆ ಕೊಯ್ಲು ಮುಗಿಸಿ ಬೈಕಿನಲ್ಲಿ ಮನೆಗೆ ಮರಳುತ್ತಿದ್ದಾಗ, ಶಿವಮೊಗ್ಗ–ತೀರ್ಥಹಳ್ಳಿ ರಸ್ತೆಯ ತಿರುವೊಂದರಲ್ಲಿ ಲಾರಿಯನ್ನು ಹಿಂದೆ ಹಾಕುವ ಆತುರದಲ್ಲಿ ನನ್ನ ಬದಿಗೆ ನುಗ್ಗಿದ ಕಾರು ಡಿಕ್ಕಿ ಹೊಡೆದು, ನನ್ನ ಎಡ ಮೊಣಕಾಲಿನ ಕೆಳಗೆ ಮೂಳೆ ಮುರಿಯಿತು. ಆ ಕಾರಿಗೆ ವಿಮೆ ಮಾಡಿದವರು ತಾವು. ಪೊಲೀಸರು ಕಾರಿನ ಚಾಲಕನ ಮೇಲೆಯೇ ದೋಷಾರೋಪ ಪಟ್ಟಿ ಸಲ್ಲಿಸಿರುವುದರಿಂದ ತಪ್ಪು ಯಾರದೆಂಬ ಚರ್ಚೆ ನಮ್ಮ ನಡುವೆ ಇಲ್ಲ. ಮೋಟಾರು ವಾಹನ ಕಾಯ್ದೆಯ ಕಲಂ 166ರ ಅಡಿ ಅಪಘಾತ ಪರಿಹಾರ ನ್ಯಾಯಮಂಡಳಿಗೆ ಮಾರ್ಚಿನಲ್ಲೇ ಅರ್ಜಿ ಹಾಕಿದ್ದೇನೆ. ರಾಜಿಯಾಗೋಣ ಬನ್ನಿ ಎಂದು ಕರೆದವರೂ ತಾವೇ. ಕರೆದಾಗಲೆಲ್ಲ ಬಂದಿದ್ದೇನೆ, ಒಂಬತ್ತು ಬಾರಿ ಫೋನು ಮಾಡಿದ್ದೇನೆ, ಒಮ್ಮೆಯೂ ಧ್ವನಿ ಏರಿಸಿಲ್ಲ. ಈ ಪತ್ರವನ್ನು ನನ್ನ ವಕೀಲರು ಬರೆದದ್ದಲ್ಲ, ನಾನೇ ಬರೆಯುತ್ತಿದ್ದೇನೆ. ಕೂತು ಬರೆಯಲು ಈಗ ನನಗೆ ಬೇಕಾದಷ್ಟು ಹೊತ್ತಿದೆ.

ಕಳೆದ ವಾರ ತಮ್ಮ ಲಕೋಟೆ ಬಂತು. ಒಳಗಿದ್ದ ಲೆಕ್ಕದ ಹಾಳೆಯಲ್ಲಿ ನನ್ನ ಉದ್ಯೋಗ ‘ಕೂಲಿ’, ತಿಂಗಳ ಆದಾಯ 9,000 ರೂಪಾಯಿ, ಅಂಗವೈಕಲ್ಯ ಶೇ 10. ವರ್ಷದ ಆದಾಯವನ್ನು 14ರಿಂದ ಗುಣಿಸಿ, ಅದರಲ್ಲಿ ಹತ್ತನೇ ಒಂದು ಪಾಲು ತೆಗೆದು, 1,51,200 ರೂಪಾಯಿ ಎಂದು ಬರೆದಿದ್ದೀರಿ. ಆಸ್ಪತ್ರೆಯ ಖರ್ಚಿಗೆ 68,400, ಎರಡು ತಿಂಗಳ ದುಡಿಮೆ ನಷ್ಟಕ್ಕೆ 18,000, ನೋವು ಸಂಕಟಕ್ಕೆ 20,000 ಸೇರಿಸಿ ಒಟ್ಟು 2,57,600 ಮಾಡಿದ್ದೀರಿ. ಅದರ ಕೆಳಗೆ ಪೆನ್ನಿನಲ್ಲಿ ‘ರೌಂಡ್ ಆಫ್’ ಎಂದು ಬರೆದು 2,50,000ಕ್ಕೆ ಇಳಿಸಿದ್ದೀರಿ. ಸಂತೆಯಲ್ಲಿ ಬಾಳೆಕಾಯಿ ಮಾರುವವರು ಕೂಡ ಚಿಲ್ಲರೆ ಬಿಡುವಾಗ ಕೊಳ್ಳುವವರ ಮುಖ ನೋಡುತ್ತಾರೆ.

ವಯಸ್ಸಿಗೆ ತಕ್ಕಂತೆ ಹಿಡಿಯುವ ಗುಣಕವನ್ನು ಮಾತ್ರ ಸರಿಯಾಗಿ ಹಾಕಿದ್ದೀರಿ. ನನಗೆ 43 ವರ್ಷ. 41ರಿಂದ 45ರವರೆಗಿನವರಿಗೆ 14 ಎಂದು ಸುಪ್ರೀಂ ಕೋರ್ಟು 2009ರಲ್ಲೇ ಪಟ್ಟಿ ಮಾಡಿಕೊಟ್ಟಿದೆ. ಆದರೆ ಶೇ 10 ಎಂಬ ಅಂಕಿಯನ್ನು ತಾವು ಓದಿದ ರೀತಿ ನನಗೆ ಅರ್ಥವಾಗಿಲ್ಲ. ಮೂಳೆ ವೈದ್ಯರು ಎಡಗಾಲಿಗೆ ಶೇ 30, ಇಡೀ ದೇಹಕ್ಕೆ ಶೇ 10 ಎಂದು ಪ್ರಮಾಣಪತ್ರ ಕೊಟ್ಟಿರುವುದು ನಿಜ. ಅದು ದೇಹದ ಲೆಕ್ಕ, ದುಡಿಮೆಯ ಲೆಕ್ಕವಲ್ಲ. ಇವೆರಡನ್ನೂ ಒಂದೇ ಎಂದು ಯಾಂತ್ರಿಕವಾಗಿ ಹಿಡಿಯಬಾರದು, ಗಾಯಾಳು ಮೊದಲು ಏನು ಕೆಲಸ ಮಾಡುತ್ತಿದ್ದ, ಈಗ ಏನು ಮಾಡಬಲ್ಲ ಎಂಬುದನ್ನು ನೋಡಬೇಕು ಎಂದು ರಾಜ್‌ಕುಮಾರ್ ವಿರುದ್ಧ ಅಜಯ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2010ರಲ್ಲಿ ಹೇಳಿದೆ. ಎಡಗೈ ಕಳೆದುಕೊಂಡ ಬಡಗಿಯ ಅಥವಾ ಚಾಲಕನ ಸಂಪಾದನೆ ಹೆಚ್ಚುಕಡಿಮೆ ಪೂರ್ತಿ ಹೋಗಬಹುದು, ಅದೇ ಗಾಯವಾದ ಸರ್ಕಾರಿ ಗುಮಾಸ್ತರ ನೌಕರಿ ಉಳಿಯಬಹುದು ಎಂಬ ಉದಾಹರಣೆಯೂ ಆ ತೀರ್ಪಿನಲ್ಲೇ ಇದೆ. ದಿನವೂ ಇದೇ ಕೆಲಸ ಮಾಡುವ ತಮಗೆ ಇದು ತಿಳಿಯದ ವಿಷಯವಲ್ಲ.

ನಾನು ಕೊನೆಗಾರ, ಅಡಿಕೆ ಮರ ಹತ್ತಿ ಗೊನೆ ಇಳಿಸುವವನು. ಚಳಿಗಾಲದಲ್ಲಿ ಕೊನೆ ಇಳಿಸುವುದು, ಮಳೆಗಾಲದಲ್ಲಿ ಕೊಳೆರೋಗಕ್ಕೆ ಔಷಧಿ ಹೊಡೆಯುವುದು, ಎರಡೂ ಮರದ ತುದಿಯ ಕೆಲಸಗಳು. ಪಾದಗಳಿಗೆ ಮರ ಹತ್ತುವ ಬಳೆಯಾದ ತಳೆ ಹಾಕಿ, ಎರಡು ಮೊಣಕಾಲುಗಳಿಂದ ಮರವನ್ನು ಅವುಚಿ ಹಿಡಿದು ಮೇಲೇರಬೇಕು; ತುದಿಯಲ್ಲಿ ಕೂತು ಮರವನ್ನೇ ತೂಗಿ ಪಕ್ಕದ ಮರ ಹಿಡಿಯಬೇಕು. ಪ್ಲೇಟು ಮತ್ತು ಸ್ಕ್ರೂಗಳಿರುವ ನನ್ನ ಎಡ ಮೊಣಕಾಲು ಅರ್ಧಕ್ಕಿಂತ ಹೆಚ್ಚು ಮಡಚುವುದಿಲ್ಲ. ಶೇ 10 ಕಡಿಮೆ ಹತ್ತುವ ಕೊನೆಗಾರ ಎಂಬವನು ಇಲ್ಲ. ಅವನು ಹತ್ತುತ್ತಾನೆ, ಇಲ್ಲವೇ ಬೀಳುತ್ತಾನೆ.

ಇದನ್ನೇ ಹೇಳಲು ಜುಲೈ 21ರಂದು ತಮ್ಮ ಕಚೇರಿಗೆ ಬಂದಿದ್ದೆ. ಅಂದು ನಡೆದದ್ದನ್ನು ತಾವು ಓದಲೇಬೇಕು. ತಮ್ಮ ಕಚೇರಿ ಎರಡನೇ ಮಹಡಿಯಲ್ಲಿದೆ, ಲಿಫ್ಟಿಲ್ಲ. ಕಂಬಿ ಹಿಡಿದುಕೊಂಡು, ಒಂದೊಂದು ಮೆಟ್ಟಿಲಿಗೂ ಎರಡೂ ಕಾಲು ಇಟ್ಟು ಮೇಲೆ ಬಂದೆ. ಕ್ಲೇಮು ನೋಡುವ ಅಧಿಕಾರಿ ನನಗಿಂತ ಹದಿನೈದು ವರ್ಷಕ್ಕಾದರೂ ಚಿಕ್ಕವರು. ನನ್ನ ಮುಂದಿದ್ದ, ಸ್ಕೂಟರಿನ ವಿಮೆ ನವೀಕರಿಸಲು ಬಂದವರಿಗೆ ‘ಕೂತ್ಕೊಳ್ಳಿ ಸಾರ್’ ಎಂದವರು, ನನ್ನ ಕಡತ ತೆರೆಯುತ್ತಿದ್ದಂತೆ ಏಕವಚನಕ್ಕೆ ಇಳಿದರು.

“ಎಷ್ಟು ಮೆಟ್ಲು ಹತ್ತಿ ಬಂದೆ?”

ಮೂವತ್ತಾರು ಎಂದೆ. ಎಣಿಸಿದ್ದೆ, ಏಕೆಂದರೆ ಈಗ ಎಲ್ಲ ಮೆಟ್ಟಿಲುಗಳನ್ನೂ ಎಣಿಸುತ್ತೇನೆ.

“ಮೂವತ್ತಾರು ಮೆಟ್ಲು ಹತ್ತೋನಿಗೆ ಒಂದು ಮರ ಹತ್ತಕ್ಕಾಗಲ್ವಾ?”

ಅಡಿಕೆ ಮರಕ್ಕೆ ಮೆಟ್ಟಿಲಿರುವುದಿಲ್ಲ ಸಾರ್ ಎಂದೆ. ಅವರು ನಕ್ಕು, ನೀರಿನ ಫಿಲ್ಟರಿನ ಹತ್ತಿರದಿಂದ ಬಾಗಿಲವರೆಗೆ ನಡೆದು ತೋರಿಸು ಎಂದರು. ನಡೆದೆ. ವಾಪಸು ನಡಿ ಎಂದರು. ನಡೆದೆ. ಆಮೇಲೆ ಕುಕ್ಕರುಗಾಲಿನಲ್ಲಿ ಕೂರಲು ಹೇಳಿದರು. ಆಗುವುದಿಲ್ಲವೆಂದು ವೈದ್ಯರು ಬರೆದ ಕಾಗದ ಅವರ ಮೊಣಕೈಯ ಕೆಳಗೇ ಇತ್ತು. ಮೇಜಿನ ಅಂಚು ಹಿಡಿದು ಪ್ರಯತ್ನಿಸಿದೆ, ಅರ್ಧಕ್ಕೆ ನಿಂತು ಜಾರಿದೆ. ಸ್ಕೂಟರಿನವರು ತಮ್ಮ ಚೀಲವನ್ನು ಪಕ್ಕಕ್ಕೆ ಎಳೆದುಕೊಂಡು, ಬೇರೆ ಕಡೆ ನೋಡುತ್ತಲೇ ಕೈ ಕೊಟ್ಟು ಎಬ್ಬಿಸಿದರು. ಅಧಿಕಾರಿ ಫೋನಿನಲ್ಲಿ ಊಟ ತರಿಸುವ ಮಾತಾಡುತ್ತಿದ್ದರು.

ಊಟದ ಮಾತು ಮುಗಿದ ಮೇಲೆ ಆದಾಯದ ಮಾತು ಬಂತು. ನನಗೆ ಸಂಬಳದ ಚೀಟಿ ಕೊಡುವವರಿಲ್ಲ. ನಾಲ್ವರು ತೋಟದವರ ಪತ್ರ, ಅವರ ಪಹಣಿಯ ನಕಲು, ಮತ್ತು ಯಾವ ದಿನ ಯಾರ ತೋಟದಲ್ಲಿ ಎಷ್ಟು ಕೊನೆ ಇಳಿಸಿದೆ, ಎಷ್ಟು ಹಣ ಬಂತು ಎಂದು ಆರು ವರ್ಷದಿಂದ ಬರೆದಿಟ್ಟ ನನ್ನ ನೋಟ್‌ಬುಕ್ಕನ್ನು ಕೊಟ್ಟಿದ್ದೆ. ಅದರ ರಟ್ಟಿಗೆ ಅಡಿಕೆ ಬೇಯಿಸಿದ ಚೊಗರಿನ ಕಲೆಯಿದೆ. ಅವರು ಅದನ್ನು ಎರಡು ಬೆರಳ ತುದಿಯಲ್ಲಿ ಎತ್ತಿ, “ಇದು ಶಾಲೆ ಮಕ್ಕಳ ಕಾಪಿ ಪುಸ್ತಕ, ಡಾಕ್ಯುಮೆಂಟ್ ಅಲ್ಲ” ಎಂದು ಇಟ್ಟರು. “ಅಡಿಕೆ ಕ್ವಿಂಟಾಲಿಗೆ ಅರ್ಧ ಲಕ್ಷ ಇದೆ, ನಿಮ್ಮಂಥೋರಿಗೆ ಏನು ಕಡಿಮೆ?” ಎಂದೂ ಕೇಳಿದರು. ಬಹುವಚನ ಬಂದದ್ದು ಆ ಒಂದು ಮಾತಿನಲ್ಲಿ. ಸ್ವಾಮಿ, ತೋಟ ಧಣಿಗಳದು. ನನ್ನದು ಕಾಲು ಮಾತ್ರ.

ಆ ನೋಟ್‌ಬುಕ್ಕಿನ ಪ್ರಕಾರ ವರ್ಷದ ಸರಾಸರಿ ತಿಂಗಳಿಗೆ 18,000 ರೂಪಾಯಿ. ಸ್ವಂತ ದುಡಿಮೆಯವರಿಗೆ 40ರಿಂದ 50ರ ವಯಸ್ಸಿನಲ್ಲಿ ಮುಂದಿನ ಏರಿಕೆಯೆಂದು ಶೇ 25 ಸೇರಿಸಬೇಕೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2017ರಲ್ಲಿ ಹೇಳಿದೆ. ಸತ್ತವರಿಗಷ್ಟೇ ಅಲ್ಲ, ಶಾಶ್ವತ ಅಂಗವೈಕಲ್ಯವಾದ ಗಾಯಾಳುಗಳಿಗೂ ಅದನ್ನು ಸೇರಿಸಬಹುದೆಂದು 2020ರ ತೀರ್ಪಿದೆ. ಆಗ ತಿಂಗಳಿಗೆ 22,500, ವರ್ಷಕ್ಕೆ 2,70,000, 14ರಿಂದ ಗುಣಿಸಿದರೆ 37,80,000. ನನ್ನ ದುಡಿಮೆ ಪೂರ್ತಿ ಹೋಯಿತೆಂದು ನಾನು ಹೇಳುವುದಿಲ್ಲ. ಕುರ್ಚಿಯಲ್ಲಿ ಕೂತು ಅಡಿಕೆ ಸುಲಿಯಬಲ್ಲೆ, ಸುಲಿಯುತ್ತಲೂ ಇದ್ದೇನೆ. ಆದ್ದರಿಂದ ಅರ್ಧ ಎಂದು ಹಿಡಿದರೂ 18,90,000 ರೂಪಾಯಿ ಆಗುತ್ತದೆ. ತಮ್ಮ 1,51,200 ಎಲ್ಲಿ, ಇದು ಎಲ್ಲಿ? ಇನ್ನು ಐದು ತಿಂಗಳು ಮಲಗಿದವನಿಗೆ ಎರಡು ತಿಂಗಳ ನಷ್ಟ, ಪ್ಲೇಟು ತೆಗೆಸುವ ಮುಂದಿನ ಶಸ್ತ್ರಚಿಕಿತ್ಸೆಗೆ ಸೊನ್ನೆ, ಓಡಾಟ, ಪಥ್ಯ ಹಾಗೂ ಆರೈಕೆಗೆ ಸೊನ್ನೆ ಹಾಕಿರುವುದನ್ನು ವಕೀಲರು ವಿವರವಾಗಿ ಬರೆಯುತ್ತಾರೆ.

ಒಂದು ಸಂಗತಿ ಮಾತ್ರ ನನಗೆ ತಡವಾಗಿ ಹೊಳೆಯಿತು. ಕಾಯ್ದೆಯ ಕಲಂ 164ರ ಪ್ರಕಾರ, ತಪ್ಪು ಯಾರದೆಂದು ಕೇಳದೆಯೇ ತೀವ್ರ ಗಾಯಕ್ಕೆ ಕೊಡಬೇಕಾದ ಮೊತ್ತ ಎಷ್ಟೆಂದು ನೋಡಿದರೆ, ಸರಿಯಾಗಿ 2,50,000. ಮೂಳೆ ಮುರಿತ ತೀವ್ರ ಗಾಯವೇ. ಅಂದರೆ ಗುಣಕ, ಶೇಕಡಾವಾರು, ನೀರಿನ ಫಿಲ್ಟರಿನಿಂದ ಬಾಗಿಲವರೆಗಿನ ನಡಿಗೆ, ಇಷ್ಟೆಲ್ಲ ಆದ ಮೇಲೂ ತಾವು ಕೊಡಲು ಒಪ್ಪಿದ್ದು ಏನನ್ನೂ ಕೇಳದೆ ಕೊಡಬೇಕಾಗಿದ್ದ ಹಣವನ್ನು. ‘ರೌಂಡ್ ಆಫ್’ ಯಾವ ಕಡೆಗೆಂದು ಈಗ ತಿಳಿಯಿತು. ವಿಮಾ ಕಂಪನಿಯ ಅಧಿಕಾರಿ 30 ದಿನಗಳಲ್ಲಿ ರಾಜಿ ಪ್ರಸ್ತಾವವನ್ನು ನ್ಯಾಯಮಂಡಳಿಯ ಮುಂದೆ ಇಡಬಹುದೆಂದು ಕಲಂ 149 ಹೇಳುತ್ತದೆ. ತಮ್ಮ ಪ್ರಸ್ತಾವ ಒಂಬತ್ತು ತಿಂಗಳಿಗೆ, ನ್ಯಾಯಮಂಡಳಿಯನ್ನು ಬಿಟ್ಟು, ಅಂಚೆಯಣ್ಣನ ಕೈಯಲ್ಲಿ ನನ್ನ ಜಗುಲಿಗೆ ಬಂದಿದೆ.

ಹದಿನೈದು ದಿನಗಳೊಳಗೆ ಲೆಕ್ಕವನ್ನು ತಿದ್ದಿ, ನ್ಯಾಯಮಂಡಳಿಯ ಮುಂದೆ ಇಡಿ. ಇಲ್ಲವಾದರೆ ಪ್ರಕರಣ ವಿಚಾರಣೆಗೇ ಹೋಗಲಿ. ಅರ್ಜಿ ಹಾಕಿದ ದಿನದಿಂದ ಬಡ್ಡಿ ಕೇಳುತ್ತೇನೆ, ನನಗೆ ಅವಸರವಿಲ್ಲ. ಜುಲೈ 21ರ ಅಧಿಕಾರಿಯನ್ನು ಸಾಕ್ಷಿಯಾಗಿ ಕರೆಸಲು ವಕೀಲರಿಗೆ ಹೇಳಿದ್ದೇನೆ. ಕಟಕಟೆಗೆ ಅವರು ನಡೆದು ಬರುವುದನ್ನು ನಾನು ಕೂತು ನೋಡುತ್ತೇನೆ. ವಿಮಾ ನಿಯಂತ್ರಣ ಪ್ರಾಧಿಕಾರಕ್ಕೆ ಈ ಪತ್ರದ ಪ್ರತಿ ಹೋಗುತ್ತದೆ. ನನಗೆ ಪತ್ರ ಬರೆದುಕೊಟ್ಟ ನಾಲ್ವರು ತೋಟದವರ ಜೀಪು, ಪಿಕಪ್ ಮತ್ತು ಕಾರುಗಳು ಸೇರಿ ಒಂಬತ್ತು ವಾಹನಗಳ ವಿಮೆ ತಮ್ಮಲ್ಲೇ ಇದೆ; ದೀಪಾವಳಿಯೊಳಗೆ ಐದರ ಅವಧಿ ಮುಗಿಯುತ್ತದೆ. ಅವರೆಲ್ಲರಿಗೂ ತಮ್ಮ ಲೆಕ್ಕದ ಹಾಳೆಯನ್ನು ಓದಿ ಹೇಳಿದ್ದೇನೆ.

ಇತಿ,
ಅರ್ಜಿದಾರ
(ತಮ್ಮ ಹಾಳೆಯಲ್ಲಿ ‘ಕೂಲಿ’)