ಸಿಮ್ಯುಲೇಟರ್‌ನಲ್ಲಿ ಸ್ವಿಚ್ ಅದುರುವುದಿಲ್ಲ

ಮಾನ್ಯ ಸಂಪಾದಕರೇ,

ಪಾಲಿಟೆಕ್ನಿಕ್ ಒಂದರ ಪ್ರಯೋಗಾಲಯದಲ್ಲಿ ಬೋಧಕನಾಗಿದ್ದು ನಿವೃತ್ತನಾದವನು ನಾನು. ಸಂಜೆ ಮನೆಗೆ ಬರುವ ಡಿಪ್ಲೊಮಾ, ಬಿಇ ಮಕ್ಕಳಿಗೆ ಮೈಕ್ರೊಕಂಟ್ರೋಲರ್ (ಒಂದೇ ಚಿಪ್ಪಿನೊಳಗಿನ ಪುಟ್ಟ ಕಂಪ್ಯೂಟರ್) ಹೇಳಿಕೊಡುವ ಚಟ ಇನ್ನೂ ಬಿಟ್ಟಿಲ್ಲ. ಅವರ ರೆಕಾರ್ಡ್ ಪುಸ್ತಕಗಳನ್ನು ತಿರುವಿದರೆ ಪ್ರಯೋಗಗಳೆಲ್ಲ ಕಂಪ್ಯೂಟರ್ ಪರದೆಯ ಮೇಲೆಯೇ ಮುಗಿದಿವೆ. ಕಿಟ್‌ಗಳು ಬೀರುವಿನಲ್ಲಿವೆ, ಬೀಗದ ಕೈ ಯಾರ ಬಳಿಯೋ. ಕೋವಿಡ್ ಕಾಲದಲ್ಲಿ ಅನಿವಾರ್ಯವಾಗಿದ್ದ ಸಿಮ್ಯುಲೇಟರ್ (ಚಿಪ್ಪಿನ ಕೆಲಸವನ್ನು ಪರದೆಯ ಮೇಲೆ ಅನುಕರಿಸುವ ಸಾಫ್ಟ್‌ವೇರ್) ಆಮೇಲೆ ಅನುಕೂಲಕ್ಕೆಂದು ಉಳಿದುಕೊಂಡಿದೆ.

ಸಂಖ್ಯೆಗಳನ್ನು ಕೂಡುವ, ವಿಂಗಡಿಸುವ ಪ್ರೋಗ್ರಾಂಗಳಿಗೆ ಅದು ಸಾಕು. ಇನ್‌ಪುಟ್, ಔಟ್‌ಪುಟ್ ಕಲಿಯಲು ಸಾಲದು. ಪರದೆಯ ಮೇಲಿನ ಸ್ವಿಚ್ಚನ್ನು ಒಮ್ಮೆ ಒತ್ತಿದರೆ ಒಂದೇ ಎಣಿಕೆ. ನಿಜವಾದ ಸ್ವಿಚ್ಚಿನೊಳಗಿನ ಲೋಹ ತಾಗುವಾಗ ಕೆಲವು ಮಿಲಿಸೆಕೆಂಡು ಅದುರುತ್ತದೆ. 16 ಮೆಗಾಹರ್ಟ್ಸ್ ವೇಗದ ಚಿಪ್ ಒಂದೊಂದು ಅದುರನ್ನೂ ಹೊಸದಾಗಿ ಒತ್ತಿದಂತೆಯೇ ಎಣಿಸುತ್ತದೆ. ಹುಡುಗಿಯೊಬ್ಬಳು ಮಾಡಿ ತಂದಿದ್ದ ಕೌಂಟರ್ ಒಮ್ಮೆ ಒತ್ತಿದರೆ ಐದು ತೋರಿಸುತ್ತಿತ್ತು, ಇನ್ನೊಮ್ಮೆ ಎರಡು. ಸಿಮ್ಯುಲೇಟರ್‌ನಲ್ಲಿ ಸರಿಯಾಗಿಯೇ ಇತ್ತು, ಆದ್ದರಿಂದ ಚಿಪ್ಪೇ ಕೆಟ್ಟಿದೆ ಎಂದು ಅವಳ ವಾದ. ಮೊದಲ ಬದಲಾವಣೆ ಕಂಡ ಮೇಲೆ 20 ಮಿಲಿಸೆಕೆಂಡು ಕಾದು ಮತ್ತೆ ಓದಿಸು ಎಂದೆ. ಎಣಿಕೆ ಸರಿಹೋಯಿತು. ಮೂರು ವರ್ಷದ ಕೋರ್ಸಿನಲ್ಲಿ ಇದನ್ನು ಯಾರೂ ಅವಳಿಗೆ ತೋರಿಸಿರಲಿಲ್ಲ.

ಇನ್ನೊಂದು ಅಡ್ಡಿ ಸಿದ್ಧ ಲೈಬ್ರರಿ, ಅಂದರೆ ಬೇರೆಯವರು ಮೊದಲೇ ಬರೆದಿಟ್ಟ ಪ್ರೋಗ್ರಾಂ ತುಣುಕುಗಳು; ಚಿಪ್ಪಿನೊಳಗೆ ನಡೆಯುವುದನ್ನು ಅವು ಮರೆಮಾಡುತ್ತವೆ. ಆರ್ಡುಯಿನೊ ಉನೊ ಎಂಬ ಮೈಕ್ರೊಕಂಟ್ರೋಲರ್ ಬೋರ್ಡಿನ 13ನೆಯ ಪಿನ್ನಿನ ಎಲ್‌ಇಡಿ ಬೆಳಗಿಸಲು ಈಗ ಹೈಸ್ಕೂಲು ಮಕ್ಕಳಿಗೂ ಬರುತ್ತದೆ. ಆದರೆ 13 ಎಂಬುದು ಬೋರ್ಡಿನ ಮೇಲೆ ಅಚ್ಚಾದ ಸಂಖ್ಯೆ. ಅದರ ಮೇಲಿರುವ ಅಟ್‌ಮೆಗಾ328ಪಿ ಚಿಪ್ಪಿನ ಲೆಕ್ಕದಲ್ಲಿ ಅದು ಸೊನ್ನೆಯಿಂದ ಎಣಿಸಿದರೆ ಪೋರ್ಟ್ ಬಿ ಎಂಬ ಪಿನ್‌ಗಳ ಗುಂಪಿನ 5ನೆಯ ಬಿಟ್. ಪಿನ್ ಇನ್‌ಪುಟ್ಟೋ ಔಟ್‌ಪುಟ್ಟೋ ಎಂದು ತೀರ್ಮಾನಿಸುವ ಡಿಡಿಆರ್‌ಬಿ ರಿಜಿಸ್ಟರಿನ (ಚಿಪ್ಪಿನೊಳಗಿನ ಪುಟ್ಟ ಸ್ಮೃತಿಕೋಶ) ಆ ಬಿಟ್ಟಿಗೆ ಒಂದು ಬರೆದರೆ ಪಿನ್ ಔಟ್‌ಪುಟ್ ಆಗುತ್ತದೆ, ಪೋರ್ಟ್‌ಬಿ ರಿಜಿಸ್ಟರಿನ ಅದೇ ಬಿಟ್ಟಿಗೂ ಒಂದು ಬರೆದರೆ ದೀಪ ಹತ್ತುತ್ತದೆ. ಡಿಡಿಆರ್‌ಬಿಯಲ್ಲಿ ಸೊನ್ನೆ ಇದ್ದಾಗ ಪೋರ್ಟ್‌ಬಿಯ ಅದೇ ಒಂದು ಬೇರೆ ಕೆಲಸ ಮಾಡುತ್ತದೆ: ಪಿನ್ನನ್ನು ‘ಒಂದು’ ಸ್ಥಿತಿಯಲ್ಲಿ ಹಿಡಿದಿಡುವ, ಚಿಪ್ಪಿನೊಳಗಿನ ಪುಲ್‌ಅಪ್ ರೆಸಿಸ್ಟರನ್ನು ಜೋಡಿಸುತ್ತದೆ. ಅದಿಲ್ಲದೆ ಇನ್‌ಪುಟ್ ಪಿನ್ನನ್ನು ತೆರೆದು ಬಿಟ್ಟರೆ ಕೈ ಹತ್ತಿರ ತಂದಷ್ಟಕ್ಕೇ ಓದಿದ ಬೆಲೆ ಬದಲಾಗಬಹುದು. ದೆವ್ವದ ಕಾಟ ಎನ್ನುತ್ತಾರೆ ಮಕ್ಕಳು! ಚಿಪ್ ತಯಾರಕರು ಕೊಡುವ ವಿವರಪುಸ್ತಕವಾದ ಡೇಟಾಶೀಟಿನ ಪೋರ್ಟುಗಳ ಅಧ್ಯಾಯ ಓದಿದ್ದರೆ ಹಾಗೆನ್ನುತ್ತಿರಲಿಲ್ಲ.

ಹಳೆಯದೇ ಬೇಕೆಂಬ ಹಟ ನನ್ನದಲ್ಲ. ವಿಂಡೋಸ್ 98 ಇದ್ದಾಗ ಪ್ರಿಂಟರ್ ಪೋರ್ಟಿನ 378 ಹೆಕ್ಸ್ (ಹದಿನಾರರ ಎಣಿಕೆಯ) ವಿಳಾಸಕ್ಕೆ ಒಂದು ಬೈಟ್, ಅಂದರೆ ಎಂಟು ಬಿಟ್, ಕಳಿಸಿ, 2ರಿಂದ 9ರವರೆಗಿನ ಪಿನ್‌ಗಳಲ್ಲಿ ಎಂಟು ಎಲ್‌ಇಡಿ ಬೆಳಗಿಸಿ ತೋರಿಸುತ್ತಿದ್ದೆ. ವಿಂಡೋಸ್ ಎಕ್ಸ್‌ಪಿ ಬಂದ ಮೇಲೆ ಸಾಮಾನ್ಯ ಪ್ರೋಗ್ರಾಂಗಳಿಗೆ ಆ ದಾರಿ ಮುಚ್ಚಿತು. ಸಿಕ್ಕ ಸಿಕ್ಕ ಪ್ರೋಗ್ರಾಂ ಹಾರ್ಡ್‌ವೇರಿಗೆ ಕೈಹಾಕಬಾರದಲ್ಲ, ಮುಚ್ಚಿದ್ದೇ ಸರಿ. ಈಗಿನ ಲ್ಯಾಪ್‌ಟಾಪಿನಲ್ಲಿ ಆ ಪೋರ್ಟೇ ಇಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುವ ಸಣ್ಣ ಬೋರ್ಡ್ ಆ ಕೆಲಸಕ್ಕೆ ಧಾರಾಳವಾಗಿ ಸಾಕು.

ಹಾಗಾದರೆ ಕಿಟ್‌ಗೆ ಬೀಗ ಏಕೆ? ಚಿಪ್ ಸುಟ್ಟರೆ ದಾಸ್ತಾನು ಪುಸ್ತಕದಿಂದ ಅದನ್ನು ತೆಗೆದುಹಾಕಲು ನಡೆಸಬೇಕಾದ ಪತ್ರ ವ್ಯವಹಾರವೇ ಕಾರಣ. ಲೆಕ್ಕಪರಿಶೋಧನೆಯ ಭಯಕ್ಕೆ ಬೋಧಕರು ಮಕ್ಕಳ ಕೈಗೆ ಏನನ್ನೂ ಕೊಡುವುದಿಲ್ಲ. ನಾನು ಅವರನ್ನು ದೂರಲಾರೆ. ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ಖರ್ಚಾದ ಆಮ್ಲಕ್ಕೆ ಯಾರೂ ವಿವರಣೆ ಕೇಳುವುದಿಲ್ಲ. ಮೈಕ್ರೊಕಂಟ್ರೋಲರ್ ಬೋರ್ಡುಗಳನ್ನೂ ಹಾಗೆಯೇ ಬಳಸಿ ಮುಗಿಯುವ ಸಾಮಗ್ರಿಯ ಪಟ್ಟಿಗೆ ಸೇರಿಸಲಿ. ಪ್ರಾಯೋಗಿಕ ಪರೀಕ್ಷೆಯಲ್ಲಿ ಒಂದು ಪ್ರಶ್ನೆಯನ್ನಾದರೂ ಲೈಬ್ರರಿ ಇಲ್ಲದೆ, ಡೇಟಾಶೀಟ್ ಮುಂದಿಟ್ಟುಕೊಂಡು, ನಿಜವಾದ ಬೋರ್ಡಿನ ಮೇಲೆ ಮಾಡಿಸಲಿ. ಪಠ್ಯಕ್ರಮ ಪರಿಷ್ಕರಣೆಗೆ ಕಾಯದೆ ಮುಂದಿನ ಸೆಮಿಸ್ಟರಿನಿಂದಲೇ ಇದನ್ನು ಜಾರಿಗೆ ತರಬಹುದು.

— ಒಬ್ಬ ನಿವೃತ್ತ ಪ್ರಯೋಗಾಲಯ ಬೋಧಕ, ತುಮಕೂರು