ಗಿಡ ಕೊಳ್ಳುವಾಗ ಹೂವಲ್ಲ, ಬುಡ ನೋಡಿ

ಮಾನ್ಯ ಸಂಪಾದಕರೇ,

ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಮೇಳವಿರಲಿ, ಲಾಲ್‌ಬಾಗ್‌ನ ಫಲಪುಷ್ಪ ಪ್ರದರ್ಶನವಿರಲಿ, ಕೈತೋಟದವರು ಹೂವಿಗೆ ಮರುಳಾಗಿ ಗಿಡ ಕೊಳ್ಳುವುದೇ ಹೆಚ್ಚು. ನೋಡಬೇಕಾದದ್ದು ಬುಡವನ್ನು. ಕಸಿ ಮಾವಾದರೆ ಕಸಿ ಕೂಡಿಸಿದ ಗಂಟಿನ ಪ್ಲಾಸ್ಟಿಕ್ ಪಟ್ಟಿ ತೊಗಟೆಯೊಳಗೆ ಇಳಿದಿರಬಾರದು. ಗಂಟಿನ ಕೆಳಗಿನ ಚಿಗುರು ಬೇರುಗಿಡದ್ದು, ಅಂದರೆ ಕಸಿಗೆ ಆಧಾರವಾದ ಬುಡದ ಗಿಡದ್ದು. ಚಿವುಟದಿದ್ದರೆ ಕಸಿ ಕೊಂಬೆಯನ್ನೇ ಹಿಂದಿಕ್ಕಿ ಬೆಳೆಯುತ್ತದೆ. ಚೀಲದ ತಳದಲ್ಲಿ ಬೇರು ಸುರುಳಿ ಸುತ್ತಿದ್ದರೆ ಆ ಗಿಡ ಬೇಡವೇ ಬೇಡ.

ತಂದ ದಿನವೇ ಕುಂಡ ಬದಲಿಸುವುದು, ಬಿಸಿಲಿಗಿಡುವುದು ಎರಡೂ ದೊಡ್ಡ ತಪ್ಪು. ನೆರಳುಪರದೆಯಡಿ ಬೆಳೆದ ಎಲೆ ತಾರಸಿಯ ಬಿಸಿಲಿಗೆ ಸುಡುತ್ತದೆ. ಒಂದು ವಾರ ನೆರಳು, ಆಮೇಲೆ ಎಳೆಬಿಸಿಲು. ಅಲ್ಲಿಯವರೆಗೆ ಹಳೆಯ ಗಿಡಗಳಿಂದ ದೂರವಿಟ್ಟು, ಎಲೆಯಡಿ ಹಿಟ್ಟುತಿಗಣೆ ಇದೆಯೇ ನೋಡುತ್ತಿರಬೇಕು.

ಬೀಜದ ಪೊಟ್ಟಣದಲ್ಲಿ ಪರೀಕ್ಷೆಯ ದಿನಾಂಕ ಓದಿ. ಅಲ್ಲಿಂದ ಒಂಬತ್ತು ತಿಂಗಳಷ್ಟೇ ಅವಧಿ. ಹೆಸರಘಟ್ಟದ ಸಂಸ್ಥೆಯ ‘ಅರ್ಕಾ ರಕ್ಷಕ್’ ಟೊಮೆಟೊ ಎಲೆ ಮುರುಟು, ದುಂಡಾಣು ಸೊರಗು, ಆರಂಭಿಕ ಅಂಗಮಾರಿ (ಅರ್ಲಿ ಬ್ಲೈಟ್) ಈ ಮೂರು ರೋಗಗಳನ್ನೂ ತಾಳಿಕೊಳ್ಳುತ್ತದೆ, ನಿಜ. ಆದರೆ ಅದು ಎಫ್‌1 ಹೈಬ್ರಿಡ್, ಅಂದರೆ ಎರಡು ತಳಿಗಳನ್ನು ಕೂಡಿಸಿ ಪಡೆದ ಮೊದಲ ಪೀಳಿಗೆ. ಹಣ್ಣಿನಿಂದ ಬೀಜ ತೆಗೆದು ಬಿತ್ತಿದರೆ ಅದೇ ಗುಣ ಬಾರದು. ಮೇಳದ ಮಳಿಗೆಗಳಲ್ಲಿ ಇಷ್ಟನ್ನಾದರೂ ದೊಡ್ಡ ಕನ್ನಡ ಅಕ್ಷರಗಳಲ್ಲಿ ಬರೆದು ಹಾಕಬೇಕೆಂದು ಸಂಘಟಕರಲ್ಲಿ ವಿನಂತಿ.

–ಕೈತೋಟಾಸಕ್ತರು, ಬೆಂಗಳೂರು